ಅಕ್ಕನ ಮೂರು ಕಿಲೊ

ಇನ್ನೊಬ್ಬರ ತಪ್ಪನ್ನು ಹೆಸರಿಟ್ಟು ಕರೆಯುವುದರಲ್ಲಿ ನನಗಿರುವ ಉತ್ಸಾಹ ನಿವೃತ್ತಿಯ ನಂತರವೂ ಕುಗ್ಗಿಲ್ಲ. ಮದುವೆಯೂಟದಲ್ಲಿ ಅನ್ನ ಚೆಲ್ಲುವವರನ್ನು, ಹೆಲ್ಮೆಟ್ಟನ್ನು ಮೊಣಕೈಗೆ ತೊಡಿಸಿಕೊಂಡು ಹೋಗುವವರನ್ನು, ವೈದ್ಯರ ಚೀಟಿಯಿಲ್ಲದೆ ಗುಳಿಗೆ ಕೊಳ್ಳುವವರನ್ನು ಈ ಶಾಲಾಶಿಕ್ಷಕಿ ಸುಮ್ಮನೆ ಬಿಟ್ಟವಳಲ್ಲ. ಗುಳಿಗೆಯ ವಿಷಯದಲ್ಲಂತೂ ಊರೂರಿಗೆ ಹೋಗಿ ಭಾಷಣ ಮಾಡಿದ್ದೇನೆ, ಕರಪತ್ರ ಹಂಚಿದ್ದೇನೆ.

ಕಮಲಾಪುರದ ನನ್ನಕ್ಕ ಕ್ಯಾನ್ಸರ್ ಚಿಕಿತ್ಸೆಗೆಂದು ಕಲಬುರಗಿಯ ನಮ್ಮ ಮನೆಗೆ ಬಂದವಳು, ಎರಡು ಕಿಮೊ ಮುಗಿಯುವಷ್ಟರಲ್ಲಿ ಐದು ಕಿಲೊ ಇಳಿದಳು. ನಮ್ಮ ಕಡೆ ರೋಗಿಯನ್ನು ನೋಡಲು ಬಂದವರು ಮೊದಲು ಅಳೆಯುವುದು ರೋಗವನ್ನಲ್ಲ, ರೋಗಿ ಉಳಿದುಕೊಂಡ ಮನೆಯನ್ನು. ಭಾವನವರು ಊರಿನ ಕೆಂಪು ಬಾಳೆಗೊನೆ ಇಳಿಸುತ್ತಲೇ ಕೇಳಿದರು: “ಏನ್ರೀ ಟೀಚರ್‌ಬಾಯಿ, ನಮ್ಮಾಕಿಗೆ ಬರೇ ಭಾಷಣ ಉಣಸಾಕತ್ತೀರೇನು?”

ಅಂದಿನಿಂದ ಅಕ್ಕನ ತೂಕವೇ ನನ್ನ ಚಳವಳಿಯಾಯಿತು. ತುಪ್ಪ, ಹಾಲು, ಶೇಂಗಾ ಹೋಳಿಗೆ, ಬಾಳೆಹಣ್ಣು. “ಸಾಕ ಬಿಡವಾ, ಬಾಯಿಗಿ ರುಚಿನೇ ಹತ್ತವಲ್ದು” ಎಂದು ಅವಳು ತಟ್ಟೆ ಸರಿಸುತ್ತಿದ್ದಳು. ನಾಲ್ಕು ಹೆಜ್ಜೆ ನಡೆದರೆ ಹಸಿವಾದೀತೆಂದರೆ ಮೊಣಕಾಲು ನೋವು ಬಿಡುತ್ತಿರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಬಹುದಿತ್ತು; ಕ್ಯಾನ್ಸರ್ ವೈದ್ಯರನ್ನು ಮೊಣಕಾಲಿಗಾಗಿ ಕಾಡುವುದೇ ಎಂದುಕೊಂಡೆ. ನಮ್ಮ ಮನೆ ಹತ್ತಿರದ ಜಗತ್ ವೃತ್ತದ ಸುತ್ತಲಿನ ಔಷಧಿ ಅಂಗಡಿಯವರೆಲ್ಲ ನನ್ನ ಕರಪತ್ರ ಓದಿದವರು. ಹಾಗಾಗಿ ಆಟೊ ಹಿಡಿದು ಊರಂಚಿನ ಕೋಟನೂರಿನವರೆಗೆ ಹೋಗಿ ನೋವಿನ ಗುಳಿಗೆ ಕೇಳಿದೆ.

“ಯಾರಿಗ್ರೀ ಅಕ್ಕಾರ? ಬ್ಯಾರೆ ಔಷಧ ಏನರ ನಡದಾವೇನ್ರೀ?” ಎಂದ ಅಂಗಡಿಯವನು. ಅಂಗಡಿಯವರು ಕೇಳಲೇಬೇಕೆಂದು ನಾನು ವೇದಿಕೆಯ ಮೇಲೆ ಒತ್ತಾಯಿಸುವ ಪ್ರಶ್ನೆಗಳೇ ಅವು.

“ನನಗೇ ರೀ. ಬ್ಯಾರೆ ಏನೂ ಇಲ್ಲ” ಎಂದೆ.

ಹತ್ತು ದಿನ ಗುಳಿಗೆ ನಡೆಯಿತು. ತೂಕ ಮೂರು ಕಿಲೊ ಏರಿತು. ಭಾವನವರಿಗೆ ಫೋನಿನಲ್ಲಿ ಅಂಕಿಯನ್ನು ಎರಡು ಸಲ ಓದಿ ಹೇಳಿದೆ.

“ಶಾಂತಾ, ಕಾಲಾಗ ಚಪ್ಪಲ್ಲೇ ಹೋಗವಲ್ದಲ್ಲ?” ಎಂದಳು ಅಕ್ಕ.

“ಮೈ ಹಿಡದಿ, ಮತ್ತೇನು?” ಎಂದು ದೊಡ್ಡ ಅಳತೆಯ ಚಪ್ಪಲಿ ತಂದುಕೊಟ್ಟೆ. ಆ ಚಪ್ಪಲಿಯಲ್ಲೇ ಅವಳು ಮೂರನೆಯ ಕಿಮೊಗೆ ನಡೆದು ಬಂದಳು.

ವೈದ್ಯರು ಅವಳ ಪಾದವನ್ನು ಬೆರಳಿನಿಂದ ಒತ್ತಿದರು. ಒತ್ತಿದ ಗುಳಿ ಹಾಗೆಯೇ ಉಳಿಯಿತು. ರಕ್ತದ ವರದಿ ಬಂದ ಮೇಲೆ, ಅಕ್ಕನ ಚೀಲದಲ್ಲಿದ್ದ ಗುಳಿಗೆ ಪಟ್ಟಿಯನ್ನೂ ನೋಡಿ ತಿಳಿಸಿದರು: ಏರಿದ್ದು ಮೈಯಲ್ಲ, ನೀರು. ನೋವಿನ ಗುಳಿಗೆ ಮೂತ್ರಪಿಂಡಕ್ಕೆ ಪೆಟ್ಟು ಕೊಟ್ಟಿದೆ. ಇಂಥ ಗುಳಿಗೆ ಒಳಗಿನ ಜ್ವರವನ್ನೂ ಮುಚ್ಚಿಡುತ್ತದೆ; ಕಿಮೊ ನಡೆದಿರುವಾಗ ಕೇಳದೆ ಏನನ್ನೂ ಕೊಡಬಾರದು. ವರದಿ ಸುಧಾರಿಸುವವರೆಗೆ ಕಿಮೊ ಮುಂದಕ್ಕೆ. ಸೂಜಿಗೆಂದು ಏರಿಸಿಕೊಂಡಿದ್ದ ರವಿಕೆಯ ತೋಳನ್ನು ಅಕ್ಕ ಮೆಲ್ಲನೆ ಇಳಿಸಿಕೊಂಡಳು.

“ಯಾರು ಕೊಟ್ರು ಆ ಗುಳಿಗಿ?” ಎಂದು ಕೇಳಿದರು ವೈದ್ಯರು.

ಅಕ್ಕ ಒಮ್ಮೆ ನನ್ನನ್ನು ನೋಡಿದಳು. “ಅಂಗಡ್ಯಾಗ ಕೊಟ್ಟಾರ್ರೀ.”

ವೈದ್ಯರು ನನ್ನತ್ತ ತಿರುಗಿದರು. “ನೀವು ಊರೂರಿಗೆ ಹೋಗಿ ತಿಳಿಸಿ ಹೇಳೋರಂತಲ್ರೀ ಮೇಡಂ. ಇಂಥಾ ಅಂಗಡಿಯವ್ರಿಗಿ ಒಂದೀಟು ಬುದ್ಧಿ ಹೇಳ್ರಿ.”

“ಹೇಳ್ತೀನ್ರೀ” ಎಂದೆ, ಅತ್ಯಂತ ಕಳಕಳಿಯಿಂದ.