ನೀಲಾನ ಹೊಲ

ಹಾನಗಲ್ಲಿನ ಮೈಲಾರಲಿಂಗನ ಕಷ್ಟಕ್ಕೆಲ್ಲ ಮೂಲ ಅವನ ಕಣ್ಣೀರು. ಅದು ಬಲು ಬೇಗ ಬರುತ್ತಿತ್ತು. ಗ್ಲಿಸರಿನ್ ಬೇಡ, ಉಳ್ಳಾಗಡ್ಡಿ ಬೇಡ, ಕ್ಯಾಮೆರಾದವನು ಹೂಂ ಅಂದರೆ ಸಾಕು, ಕೆನ್ನೆ ತೊಯ್ದು ಹೋಗುತ್ತಿತ್ತು.

ನಿಜಕ್ಕೂ ಅವನು ಕವಿ. ಎರಡು ಸಂಕಲನ ತಂದಿದ್ದ, ಯಾರೂ ಓದಲಿಲ್ಲ. ಸವಣೂರು, ಶಿಗ್ಗಾವಿ, ಹಿರೇಕೆರೂರು ಎಂದು ಕವಿಗೋಷ್ಠಿಗಳಿಗೆ ಅಲೆದ, ಎಲ್ಲ ಕಡೆಯೂ ಊಟಕ್ಕೆ ಎಲೆ ಹಾಕಿದ ಮೇಲೆಯೇ ಅವನ ಹೆಸರು ಕೂಗುತ್ತಿದ್ದರು. ನಾಟಕ ಕಂಪನಿ ಸೇರಿದ, ಕಂಪನಿಯೇ ಮುಳುಗಿತು. ಕಡೆಗೆ ಟೀವಿ ಸೀರಿಯಲ್ಲಿನವರು ಕರೆದು, ತಂಗಿ ನೀಲಾಳ ಹೊಲ ನುಂಗುವ ಅಣ್ಣನ ಪಾತ್ರ ಕೊಟ್ಟರು. ಈ ಅಣ್ಣ ಬೈಯುವುದಿಲ್ಲ, ಹೊಡೆಯುವುದಿಲ್ಲ. ಅಳುತ್ತಾನೆ. ಅತ್ತು ಅತ್ತೇ ತಂಗಿಯ ಮನೆ ತೊಳೆಯುತ್ತಾನೆ. ಅಲ್ಲಿಗೆ ಕವಿ ಹೋದ, ಮೈಲಾರಲಿಂಗನೂ ಹೋದ, ಹಾನಗಲ್ ಸುತ್ತಮುತ್ತ ಉಳಿದವನು ನೀಲಾನ ಅಣ್ಣ ಒಬ್ಬನೇ. ಅವನ ಕಣ್ಣು ಒದ್ದೆಯಾದರೆ ಏನೋ ಮಸಲತ್ತಿದೆ ಎಂದು ತೊಟ್ಟಿಲ ಕೂಸಿಗೂ ಗೊತ್ತಾಯಿತು.

ನಿನ್ನೆ ಸಂಜೆಯ ಕಂತಿನಲ್ಲಿ ಅವನು ಭೋರೆಂದು ಅಳುತ್ತ ಹೊಲದ ಪತ್ರದ ಮೇಲೆ ನೀಲಾಳ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಇವತ್ತು ಬೆಳಿಗ್ಗೆ ಆಡೂರಿನಿಂದ ಫೋನು ಬಂತು. ಕುಬೇರಪ್ಪ ಮಾಸ್ತರು ತೀರಿಕೊಂಡಿದ್ದರು.

ಅಪ್ಪ ಸತ್ತಾಗ ಮೈಲಾರಲಿಂಗನನ್ನು ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದವರು ಮಾಸ್ತರು. ಪದ್ಯ ಓದುವುದನ್ನು ಕಲಿಸಿದವರು, ಸಾಲೆಯ ನಾಟಕಕ್ಕೆ ಅವನ ಮುಖಕ್ಕೆ ಮೊದಲು ಬಣ್ಣ ಹಚ್ಚಿದವರು. ಅವರಿಗೆ ಮಕ್ಕಳಿರಲಿಲ್ಲ. “ಮೈಲಾರಿ, ನನ್ನ ಮಣ್ಣಿಗೆ ಮುಂದಿನ ಹೆಗಲು ನಿಂದ. ನಿನ್ನ ಪದ್ಯಾ ಓದಿ ಮಣ್ಣ ಹಾಕು,” ಎಂದು ಮಾತು ತೆಗೆದುಕೊಂಡಿದ್ದರು. ಶೂಟಿಂಗು ಶೂಟಿಂಗು ಎಂದು ಇವನು ವರ್ಷದಿಂದ ಆ ಕಡೆ ಹಾಯ್ದಿರಲಿಲ್ಲ. ಆ ಹೆಗಲಾದರೂ ತಪ್ಪಬಾರದು ಎಂದು ಚಪ್ಪಲಿ ಮೆಟ್ಟಿ ಹೊರಟ.

ಹೂವಿನ ಶಾರವ್ವ ಅವನನ್ನು ಕಂಡದ್ದೇ ಮಾಲೆಗಳ ಮೇಲೆ ಹಸಿಬಟ್ಟೆ ಎಳೆದಳು.

“ಒಂದ ದೊಡ್ಡ ಮಾಲಿ ಕೊಡಬೇ.”

“ನಿನಗ ಕೊಡಂಗಿಲ್ಲ. ಆ ನೀಲಾ ಹೊಲದ ಬದುವಿನ ಮ್ಯಾಲ ಕುಂತು ಅಳಾಕತ್ತಾಳ, ನಿನಗ ಹೂವಿನ ಮಾಲಿ ಬೇಕ?”

“ಅದು ನಾಟಕ ಐತೆಬೇ! ಆಕಿ ಬೆಂಗಳೂರಾಗ ಕಾರಿನ್ಯಾಗ ಅಡ್ಡಾಡ್ತಾಳ.”

“ಹಂಗಾರ ನೀ ಯಾಕ ಅಳಾಕತ್ತಿ?”

“ನಮ್ಮ ಮಾಸ್ತರು ಹೋಗ್ಯಾರಬೇ.”

“ನಿನ್ನಿ ನೀಲಾನ ಮುಂದೂ ಹಿಂಗ ಅತ್ತಿ,” ಎಂದು ಶಾರವ್ವ ಬೇರೆ ಗಿರಾಕಿಯ ಕಡೆ ತಿರುಗಿದಳು.

ಕಡೆಗೆ ಟಂಟಂ ಓಡಿಸುವ ಮುಬಶೀರ ಕೆಳಗಿಳಿದು ತನ್ನ ಹೆಸರಿನಲ್ಲಿ ಮಾಲೆ ತಂದುಕೊಟ್ಟ. ಒಳ್ಳೆಯ ಮನುಷ್ಯ. “ಮಂದೀದು ಮನಸಿಗೆ ಹಚ್ಕೋಬ್ಯಾಡ್ರಿ ಸಾಹೇಬ್ರ. ಕಲಾವಿದ್ರಂದ್ರ ಹಂಗ,” ಎಂದು ಸಮಾಧಾನ ಹೇಳುತ್ತ ಗಾಡಿ ಬಿಟ್ಟ. ಊರು ದಾಟಿದ ಮೇಲೆ ದನಿ ತಗ್ಗಿಸಿ, “ಖರೇ ಹೇಳ್ರಿ, ನೀಲಾನ ಹೊಲಕ್ಕ ನೀರಾವರಿ ಐತೇನ್ರಿ?” ಎಂದು ಕೇಳಿದ. ಮೈಲಾರಲಿಂಗ ಮಾಲೆಯನ್ನು ಎದೆಗವಚಿಕೊಂಡು ಆಡೂರಿನಲ್ಲಿ ಇಳಿದ.

ಮಾಸ್ತರರನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕುಳ್ಳಿರಿಸಿದ್ದರು. ಹಣೆ ತುಂಬ ವಿಭೂತಿ, ಮೈಮೇಲೆ ಶಾಲು. ತರಗತಿಯಲ್ಲಿ ಹುಡುಗರು ಲೆಕ್ಕ ಮಾಡುವಾಗ ಕಣ್ಣು ಮುಚ್ಚಿ ಕೂರುತ್ತಿದ್ದರಲ್ಲ, ಹಾಗೇ ಇದ್ದರು. ಮೈಲಾರಲಿಂಗನಿಗೆ ತಡೆಯಲಾಗಲಿಲ್ಲ. ಕಾಲ ಮೇಲೆ ಬಿದ್ದು ಗೊಳೋ ಎಂದ. ಭಜನೆ ನಿಂತಿತು. ಹಾರ್ಮೋನಿಯಂನವನು ಬೆರಳು ಎತ್ತುವುದನ್ನೇ ಮರೆತು ನೋಡುತ್ತ ಕುಳಿತ.

“ನೋಡ್ ನೋಡ, ಎಡಗಣ್ಣಿಂದ ಶುರು ಆತು. ಟೀವ್ಯಾಗೂ ಹಂಗ,” ಎಂದಿತು ಹೆಂಗಸರ ಕಡೆಯ ಒಂದು ದನಿ.

“ಮಾಸ್ತರಗ ಹೊಲಾ ಐತೇನ?”

“ಹಳ್ಳದ ದಂಡಿಗೆ ಒಂದ ಪಟ್ಟಿ ಐತಲ್ಲ.”

“ಹಾಂ! ಅದಕ್ಕ ಬಂದಾನ.”

ಮಾಸ್ತರರ ಅಣ್ಣನ ಮಗ ಗುದ್ಲೆಪ್ಪ ಮೆಲ್ಲಗೆ ಬಂದು, ಶವದ ಕೈಗಳನ್ನು ಹೆಬ್ಬೆರಳು ಕಾಣದ ಹಾಗೆ ಶಾಲಿನೊಳಗೆ ಸೇರಿಸಿ ಹೋದ. ಇದಕ್ಕೇನು ಹೇಳೋಣ? ಸತ್ತವರ ಮನೆಯಲ್ಲಿ ಅಳಲಾರದಂಥ ಗತಿ ವೈರಿಗೂ ಬರಬಾರದು. ಮೈಲಾರಲಿಂಗ ಮುಖ ಒರೆಸಿಕೊಂಡು, ಹಲ್ಲು ಕಚ್ಚಿ, ಗೋಡೆ ನೋಡುತ್ತ ಕೂತ. ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಆಗಿರಲಿಲ್ಲ, ಅದೇ ದನಿ, “ಎಂಥಾ ಕಲ್ಲೆದಿ ನೋಡವ್ವಾ! ಅನ್ನ ಹಾಕಿದ ಗುರು ಸತ್ರೂ ಒಂದ ಹನಿ ಇಲ್ಲ,” ಎಂದಿತು.

ಮಧ್ಯಾಹ್ನ ಶವ ಹೊರುವ ಬಿದಿರಿನ ವಿಮಾನ ಸಿಂಗರಿಸಿ, ಮಾಸ್ತರರನ್ನು ಅದರಲ್ಲಿ ಕೂರಿಸಿದರು. ಎತ್ತುವ ಹೊತ್ತಿಗೆ ಮೈಲಾರಲಿಂಗ ಹೋಗಿ ಮುಂದಿನ ಬೊಂಬಿಗೆ ಕೈ ಹಾಕಿದ. ಗುದ್ಲೆಪ್ಪ ಅವನ ಕೈ ಹಿಡಿದ.

“ನೀವು ಸರೀರಿ.”

“ಮಾಸ್ತರು ನನ್ನ ಕಡಿಂದ ಮಾತ ತಗೊಂಡಾರಪ್ಪಾ. ಈ ಹೆಗಲು ನಂದು.”

“ಬ್ಯಾಡ್ರಿ. ಹಿರ್ಯಾರು ಹೇಳ್ಯಾರ.”

“ಹೋಗ್ಲಿ, ಹಿಂದಿಂದರ ಕೊಡು. ಕೈ ಮುಗೀತೇನಿ.”

ಆಗ ಓಣಿಯ ಹಿರಿಯ ಕರಬಸಪ್ಪ ಗಂಟಲು ಸರಿಮಾಡಿಕೊಂಡು ಮುಂದೆ ಬಂದ. “ತಮ್ಮಾ, ಒಡಹುಟ್ಟಿದಾಕಿನ್ನ ಅಳಿಸಿದಾಂವ ಹೆಗಲ ಕೊಟ್ರ ಹೋಗಾವ್ರಿಗೆ ದಾರಿ ಭಾರ ಆಗ್ತೈತಿ.”

“ನನಗ ತಂಗೀನ ಇಲ್ಲರೀ ಕಾಕಾ! ನಮ್ಮವ್ವಗ ನಾ ಒಬ್ಬನ ಮಗಾ!”

ಕರಬಸಪ್ಪ ಮಂದಿಯ ಕಡೆ ತಿರುಗಿ ಎರಡೂ ಕೈ ಎತ್ತಿದ. “ಕೇಳ್ರೆಪ್ಪಾ! ಹೊಲಾ ಬರಸ್ಕೊಂಡ ಮ್ಯಾಲ ಈಗ ತಂಗೀನ ಇಲ್ಲಂತಾನ!”

ವಿಮಾನ ಎದ್ದಿತು. ಮೈಲಾರಲಿಂಗ ಎಲ್ಲರ ಹಿಂದೆ, ಉದುರಿದ ಹೂ ತುಳಿಯದ ಹಾಗೆ ಬದಿಗೆ ನಡೆದ. ಇನ್ನು ಉಳಿದದ್ದು ಪದ್ಯ. ಗುಂಡಿಯ ಹತ್ತಿರ ಜನ ಪತ್ರಿ, ಮಣ್ಣು ಹಾಕುತ್ತಿದ್ದಾಗ ಅವನು ಯಾರ ಅಪ್ಪಣೆಯನ್ನೂ ಕಾಯದೆ ಓದಿದ:

“ಸುಣ್ಣದಕಡ್ಡಿ ಸವೆದಷ್ಟೂ
ಹಲಗೆಯ ಮೇಲೆ ಅಕ್ಷರ.
ನೀವು ಸವೆದಿರಿ ಗುರುವೇ,
ನಾನು ಮೂಡಿದೆ.”

ಓದುತ್ತ ದನಿ ಒಡೆಯಿತು. ಜೀವಮಾನದಲ್ಲಿ ಮೊದಲ ಸಲ ಇಡೀ ಊರು ಅವನ ಪದ್ಯವನ್ನು ಉಸಿರು ಬಿಗಿಹಿಡಿದು ಕೇಳಿತು. ಮುಗಿದದ್ದೇ ಹಿಂದಿನಿಂದ ಯಾವನೋ ಸೀಟಿ ಊದಿ, “ವನ್ಸ್ ಮೋರ್!” ಎಂದು ಕೂಗಿದ.

ಮಂತ್ರ ಹೇಳುತ್ತಿದ್ದ ಸ್ವಾಮಿಗಳು ಗದರಿದರು. ಮೈಲಾರಲಿಂಗ ಒಂದು ಹಿಡಿ ಮಣ್ಣು ಹಾಕಿ, ತಲೆ ತಗ್ಗಿಸಿ ಮಾಸ್ತರರ ಮನೆಗೆ ಬಂದ. ಮಾಸ್ತರರ ಹೆಂಡತಿ ಹಾಲವ್ವಗೆ ನಮಸ್ಕಾರ ಮಾಡಿ ಊರು ಬಿಡುವುದೆಂದು ಮನಸ್ಸು ಮಾಡಿದ್ದ.

ಹಾಲವ್ವ ದೀಪದ ಪಕ್ಕ ಕೂತಿದ್ದಳು. ಸುತ್ತ ಓಣಿಯ ಹೆಂಗಸರು. ಅವನನ್ನು ಕಂಡು ಕೈ ಚಾಚಿದಳು. “ಮೈಲಾರಿ, ಬಾರಪ್ಪಾ. ಅಳು. ನಿಂದು ಖರೇ ದುಃಖ ಅಂತ ನನಗ ಗೊತ್ತೈತಿ.”

ಇಡೀ ದಿನದಲ್ಲಿ ಆ ಒಂದು ಮಾತು ಸಿಕ್ಕಿತ್ತು. ಅವನು ಸಣ್ಣ ಹುಡುಗನಾಗಿ ಅವಳ ಮುಂದೆ ಕೂತು ಅತ್ತ. ಅವಳು ಬೆನ್ನು ಸವರಿದಳು.

“ಗುದ್ಲೆಪ್ಪನ ಮ್ಯಾಲ ಸಿಟ್ಟ ಇಟಗೋಬ್ಯಾಡ. ಹೆಗಲ ಬ್ಯಾಡ ಅಂದಾವ್ರು ಬ್ಯಾರೇದವ್ರು.”

“ಯಾರವ್ವಾ? ಕರಬಸಪ್ಪ ಕಾಕಾನ?”

“ಅಲ್ಲಪ್ಪಾ. ನಿಮ್ಮ ಮಾಸ್ತರೇ ಅಂದಿದ್ರು. ನೀ ಅಂತೂ ಬರಲಿಲ್ಲ, ದಿನಾ ಸಂಜೀಕ ಟೀವ್ಯಾಗರ ನಿನ್ನ ಮಾರಿ ನೋಡಿ ಉಣ್ಣೋರು. ನಿನ್ನಿ ಆ ಹುಡುಗಿ ಹೆಬ್ಬಟ್ಟ ಒತ್ತಿಸ್ಕೊಂಡ್ಯಲ್ಲ, ಗಂಗಾಳ ಬಿಟ್ಟ ಎದ್ರು. ‘ನನ್ನ ಕೈಯಾಗ ಬೆಳೆದ ಹುಡುಗ ಹಿಂಗ ಮಾಡಿದ್ನಲ್ಲೇ! ಆಕಿ ಹೊಲಾ ತಿರಗಿ ಕೊಡೂಮಟ ಅಂವ ನನ್ನ ಹೆಣಾ ಮುಟ್ಟಬಾರದು’ ಅಂದ್ರು. ಅಂದು ಮಲ್ಕೊಂಡ್ರು. ಮತ್ತ ಏಳಲಿಲ್ಲ.”

ಮೈಲಾರಲಿಂಗ ತಲೆ ಎತ್ತಿದ. “ಅವ್ವಾ, ಅದು ನಾಟಕ. ನನಗ ನಾಟಕ ಕಲಿಸಿದವರ ಅವರು.”

“ಹೂಂನಪ್ಪಾ. ಛಲೋ ಕಲಿಸಿದ್ರು,” ಎಂದಳು ಹಾಲವ್ವ. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. “ಆಗಿದ್ದಾತು. ಆ ಹುಡುಗೀ ಹೊಲಾ ಬಿಟ್ಟಕೊಡು. ಅವರ ಜೀವಕ್ಕ ಸಮಾಧಾನ ಆಗ್ಲಿ. ಕೊಡ್ತೀಯಲ್ಲ?”

ಹೆಂಗಸರೆಲ್ಲ ಅವನ ಕಡೆ ತಿರುಗಿದರು. ಬಾಗಿಲಲ್ಲಿ ಗುದ್ಲೆಪ್ಪ ನಿಂತಿದ್ದ, ಅವನ ಹಿಂದೆ ಕರಬಸಪ್ಪ. ಇವತ್ತೇ ಕುಂಕುಮ ಅಳಿಸಿಕೊಂಡು ಕೂತ ಹೆಣ್ಣುಮಗಳ ಮುಂದೆ ಮೈಲಾರಲಿಂಗ ಏನು ವಾದ ಮಾಡಿಯಾನು?

“ಕೊಡ್ತೇನವ್ವಾ,” ಎಂದ.

ಮನೆಗೆ ಮನೆಯೇ ನಿಟ್ಟುಸಿರು ಬಿಟ್ಟಿತು. ಯಾರೋ ಚಹಾ ತಂದುಕೊಟ್ಟರು. ಗುದ್ಲೆಪ್ಪ, “ತಪ್ಪ ತಿಳ್ಕೋಬ್ಯಾಡ್ರಿ ಅಣ್ಣಾರ,” ಎಂದು ಕಾಲು ಮುಟ್ಟಿದ. ಹೆಂಗಸರ ಕಡೆಯ ಆ ದನಿ ಕೂಡ, “ಎಷ್ಟಾದ್ರೂ ಮಾಸ್ತರ ಅನ್ನ ಉಂಡ ಜೀವ,” ಎಂದಿತು. ಬೆಳಗಿನಿಂದ ಬೇಡಿದ್ದೆಲ್ಲ ಈಗ ಒಟ್ಟಿಗೆ ಸಿಕ್ಕಿತ್ತು. ಮೈಲಾರಲಿಂಗ ಚಹಾ ಕುಡಿದು, ಲಗುಬಗೆಯಿಂದ ಎದ್ದು ಚಪ್ಪಲಿ ಹುಡುಕತೊಡಗಿದ.

“ಎಲ್ಲಿಗೆ ಹೊಂಟೀರಿ?” ಕರಬಸಪ್ಪ ಅವನ ತೋಳು ಹಿಡಿದುಕೊಂಡ. “ಈ ಮನ್ಯಾಗ ಇವತ್ತ ಟೀವಿ ಹಚ್ಚೂ ಹಂಗಿಲ್ಲ. ನಮ್ಮ ಮನ್ಯಾಗ ಹಚ್ಚೂಣು. ನೀವು ಹೊಲಾ ತಿರಗಿ ಕೊಡೂದನ್ನ ಇಡೀ ಓಣಿ ಕುಂತ ನೋಡ್ತೈತಿ. ನಡೀರಿ, ಹೊತ್ತಾತು.”

ಇವತ್ತಿನ ಕಂತಿನ ಶೂಟಿಂಗು ಹೋದ ವಾರವೇ ಮುಗಿದಿತ್ತು. ಅದರಲ್ಲಿ ಅಣ್ಣ ಅಳುತ್ತ ಅಳುತ್ತ ನೀಲಾಳನ್ನು ಮಕ್ಕಳ ಸಮೇತ ಮನೆಯಿಂದ ಹೊರಗೆ ದಬ್ಬಿ ಅಗಳಿ ಹಾಕಿಕೊಳ್ಳುತ್ತಾನೆ.