ಹೊಳೆಗೆ ಬಿಟ್ಟ ಬಟ್ಟೆ, ನಮ್ಮ ಬೋಟಿನ ಫ್ಯಾನು

ನಂಜನಗೂಡಿನ ಕಪಿಲೆಯಲ್ಲಿ ರಕ್ಷಣಾ ಬೋಟು ಓಡಿಸುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ನಗು ಬರುತ್ತದೆ, ನಕ್ಕ ಮೇಲೆ ಸಂಕಟವಾಗುತ್ತದೆ. ಬೋಟು ಬಂದು ವರ್ಷವಾದರೂ ಜೀವವಿರುವ ಒಬ್ಬರನ್ನೂ ದಡಕ್ಕೆ ತಂದಿರಲಿಲ್ಲ. ಊರವರು ಅದಕ್ಕೆ ‘ಹೆಣದ ಬೋಟು’ ಎಂದೇ ಹೆಸರಿಟ್ಟಿದ್ದರು. ಒಬ್ಬನನ್ನಾದರೂ ಉಸಿರಾಡುತ್ತಿರುವಾಗ ತರಬೇಕು, ಅದೊಂದೇ ನನ್ನ ಹಟ.

೧. ಪಟ್ಟಿಯಲ್ಲಿ ಇಲ್ಲದ್ದು

ಬೋಟು ಬಂದ ದಿನ ಇಲಾಖೆಯ ಸಾಹೇಬರು ಪಟ್ಟಿ ಹಿಡಿದು ಸಾಮಾನು ಒಪ್ಪಿಸಿದರು. ಹಗ್ಗ, ಲೈಫ್ ಜಾಕೆಟ್, ಸ್ಟ್ರೆಚರ್, ಮೈಕು.

“ಒಂದು ಕುಡ್ಲು ಬೇಕು ಸಾ” ಎಂದೆ.

“ಹೊಳೇಲಿ ಹುಲ್ಲು ಕುಯ್ತೀರೇನ್ರೀ?”

ಸಾಹೇಬರು ಈ ಕಡೆಯವರಲ್ಲ. ಇಲ್ಲಿ ಮಿಂದವರು ಉಟ್ಟ ಬಟ್ಟೆಯನ್ನು ಹೊಳೆಗೇ ಬಿಡುತ್ತಾರೆ, ಅದರ ಜೊತೆ ಕಷ್ಟವೂ ಹೋಗಲಿ ಎಂದು. ಅದು ಹೋಗುವುದು ನೆಟ್ಟಗೆ ನೀರೊಳಗೆ ತಿರುಗುವ ನಮ್ಮ ಇಂಜಿನ್ನಿನ ಫ್ಯಾನಿಗೆ. ಸಾಹೇಬರನ್ನು ಕೂರಿಸಿಕೊಂಡ ಮೊದಲ ಸವಾರಿ ಹತ್ತು ಮಾರು ದಾಟಲಿಲ್ಲ. ಫ್ಯಾನಿನಿಂದ ಎರಡು ಪಂಚೆ, ಒಂದು ಸೀರೆ ಬಿಡಿಸಿದೆವು. ಮರುದಿನ ಸಾಹೇಬರೇ ಸಂತೆಯಿಂದ ಕುಡುಗೋಲು ತಂದುಕೊಟ್ಟರು.

೨. ಅಂಗಿ

ತಾಂಡ್ಯದ ಕಾರ್ಖಾನೆಯ ಕೆಲಸಗಾರನೊಬ್ಬ ಸ್ನಾನಘಟ್ಟದಲ್ಲಿ ಕಾಲು ಜಾರಿದ. ಹೊರಟೆವು, ಫ್ಯಾನಿಗೆ ಬಟ್ಟೆ ಸುತ್ತಿತು. ಕೊಯ್ದು ಬಿಡಿಸುವಷ್ಟರಲ್ಲಿ ಅವನು ಕಾಣಲಿಲ್ಲ. ಮೂರನೇ ದಿನ ಟಿ. ನರಸೀಪುರದ ಸಂಗಮದಲ್ಲಿ ಹೆಣವಾಗಿ ಸಿಕ್ಕಿದ.

ತಿಥಿಯ ದಿನ ಅವನಪ್ಪ ಘಟ್ಟಕ್ಕೆ ಬಂದು ಮಗನ ಕಾರ್ಖಾನೆ ಅಂಗಿಯನ್ನು ನೀರಿಗೆ ಬಿಟ್ಟ.

“ಬ್ಯಾಡ ಯಜಮಾನ್ರೇ, ಬೋಟಿಗೆ ಸಿಕ್ಕಾಕತದೆ” ಎಂದೆ.

“ಅವನ ಅಂಗಿ ಕಣಪ್ಪಾ, ಅವನತ್ರಕ್ಕೇ ಓಗ್ಲಿ.”

ಅಂಗಿ ಮಾತ್ರ ಮಾರನೇ ದಿನ ನನ್ನ ಹತ್ತಿರಕ್ಕೇ ಬಂತು.

೩. ಉಸಿರು

ಒಂದು ಅಮಾವಾಸ್ಯೆ ಬೆಳಿಗ್ಗೆ ಹದಿನಾರು ಎಂಬ ಊರಿನ ರೈತನೊಬ್ಬ ತಾಯಿಯ ಕಣ್ಣೆದುರೇ ಸೆಳವಿಗೆ ಸಿಕ್ಕ. ಹೋದೆವು. ಅವನು ನಾಲ್ಕು ಮಾರು ದೂರ ಇರುವಾಗ ಫ್ಯಾನು ಗಪ್ಪನೆ ನಿಂತಿತು. ಇವನೂ ಹೋದ ಅಂದುಕೊಂಡು, ಅಳುತ್ತಲೇ ಇಂಜಿನ್ ಎತ್ತಿದೆ. ಉದ್ದನೆಯ ಸೀರೆ ಸುತ್ತಿಕೊಂಡಿತ್ತು, ಅದರ ಸೆರಗು ನೀರಿನಲ್ಲಿ ಹರಡಿತ್ತು. ಕುಡುಗೋಲು ಹಾಕಲು ಹೋದೆ. ಬೋಟಿನಲ್ಲಿದ್ದ ನನ್ನ ಜೊತೆಗಾರ ಕಿರುಚಿದ:

“ಕುಯ್ಬ್ಯಾಡ ಕಣ್ಲಾ! ಆ ತುದೀನ ಅವ ಇಡ್ಕಂಡವ್ನೆ!”

ಸೀರೆ ಜಗ್ಗಿ ಜಗ್ಗಿ ಮೇಲೆಳೆದೆವು. ಎರಡು ಬಾಯಿ ನೀರು ಕಕ್ಕಿ ಕಣ್ಣು ಬಿಟ್ಟ. ನಮ್ಮ ಹೊಸ ಜಾಕೆಟ್ ತೊಡಿಸಿ ದಡಕ್ಕೆ ತಂದೆವು. ತಾಯಿ ನನ್ನ ಕಾಲು ಹಿಡಿದುಕೊಂಡಳು. ಆಮೇಲೆ ಮಗನ ಕಡೆ ತಿರುಗಿದಳು.

“ಸಾವು ಮುಟ್ಟಿದ್ ಬಟ್ಟೆ ಕಣ್ಲಾ. ಬಿಚ್ಚಿ ಒಳೆಗೆ ಬಿಡು!”

ಪಂಚೆ, ಅಂಗಿ, ಹಿಂದೆಯೇ ನಮ್ಮ ಜಾಕೆಟ್ಟೂ ಹೊಳೆ ಸೇರಿತು. ಜಾಕೆಟ್ ಹಿಡಿಯಲು ಮತ್ತೆ ಬೋಟು ಬಿಟ್ಟೆವು. ಹತ್ತು ಮಾರು ಹೋಗುವಷ್ಟರಲ್ಲಿ ಫ್ಯಾನು ನಿಂತಿತು. ಎತ್ತಿದರೆ ಅವನದೇ ಪಂಚೆ. ಕೈ ಹಾಕಿದೆ. ದಡದಿಂದ ತಾಯಿ ಎದೆ ಬಡಿದುಕೊಂಡು ಕೂಗಿದಳು:

“ಅದ ಮುಟ್ಬ್ಯಾಡ ನನ್ನಪ್ಪಾ, ದೋಸ ನಿಂಗೆ ಅಂಟ್ಕತದೆ!”