ಅಪ್ಪ ಮಾಡಿದ ರಿಮೋಟ್ ಬೋರ್ಡು

ನಮ್ಮ ಮನೆಯಲ್ಲಿ ಯಾವುದು ಯಾಕೆ ಹತ್ತಿತು, ಯಾವುದು ಯಾಕೆ ಆರಿತು ಎಂದು ಕೇಳುವುದನ್ನೇ ಬಿಟ್ಟಿದ್ದೇವೆ. ಅಪ್ಪ ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿದ್ದಾರೆ. ಪ್ರತಾಪ ನಗರದ ಮನೆಗೆ ಬಂದರೂ ಕರೆಂಟು ಅವರನ್ನು ಬಿಡುವುದಿಲ್ಲ. ಈ ಬೇಸಿಗೆ ತಾವೇ ಒಂದು ಪ್ಲಗ್ ಬೋರ್ಡ್ ಮಾಡಿ, ಅದಕ್ಕೆ ರಿಮೋಟ್ ಕೂಡಿಸಿದರು. ಕೂಲರ್, ವೈಫೈ ಎರಡೂ ಅದರಲ್ಲೇ. ನನಗೋ ಮೊದಲ ನೌಕರಿಯ ಕೊನೆಯ ಸಂದರ್ಶನ, ಅದೂ ಆನ್‌ಲೈನ್.

ಸತ್ತ ಫ್ಯೂಸು

ಹಿಂದಿನ ದಿನ ಅವ್ವ ನನ್ನ ಕುರ್ತಾ ಇಸ್ತ್ರಿ ಮಾಡಲು ಅದೇ ಬೋರ್ಡಿಗೆ ಪ್ಲಗ್ ಚುಚ್ಚಿದಳು. ಟಪ್ ಎಂದಿತು. ಕೂಲರ್ ನಿಂತಿತು.

“ಫ್ಯೂಸ್ ಹೋತು,” ಅಪ್ಪನಿಗೆ ಸಂತೋಷ. “ಬರೋಬರ್ ಕೆಲಸ ಮಾಡೇತಿ.”

“ಕೆಲಸ ಮಾಡಿದ್ದು ಸತ್ತು ಹೋಗತೈತೇನ್ರಿ? ನಾನೂ ಇಷ್ಟು ವರ್ಷ ಮಾಡೀನಿ. ಇನ್ನೂ ಅದೀನಲ್ಲ.”

ದಪ್ಪ ತಂತಿ

“ಈ ಸಲ ದಪ್ಪ ತಂತಿ ಹಾಕ್ರಿ, ಮತ್ತ ಹೋಗೂದ ಬ್ಯಾಡ,” ಅಂದಳು ಅವ್ವ.

“ದಪ್ಪ ಹಾಕಿದ್ರ ಫ್ಯೂಸ್ ಉಳೀತೈತಿ, ಬೋರ್ಡ್ ಸುಡತೈತಿ.”

ಅವ್ವ ಬೋರ್ಡನ್ನು ಒಮ್ಮೆ ನೋಡಿದಳು. “ಹಂಗಾರ ದಪ್ಪಂದ ಹಾಕ್ರಿ.”

ಯಾರ ಗುಂಡಿ

ಮರುದಿನ ಮಧ್ಯಾಹ್ನ. ಪರದೆಯ ಮೇಲೆ ಮೂವರು. ನಿಮ್ಮ ಬಗ್ಗೆ ಹೇಳಿ ಅಂದರು. ನಾನು ಬಾಯಿ ತೆರೆದದ್ದೇ ತಡ, ಕೂಲರ್ ನಿಂತು ವೈಫೈ ಹೋಯಿತು. ರಿಮೋಟ್ ಒತ್ತಿದೆ, ಬಂತು. ಬಾಯಿ ತೆರೆದೆ, ಹೋಯಿತು.

ಅಪ್ಪ ಬೋರ್ಡ್ ಬಿಚ್ಚಿ ನೋಡಿ ಹಣೆ ಒರೆಸಿಕೊಂಡರು. “ಫ್ಯೂಸ್ ಛಲೋ ಐತಿ.”

“ನಿನ್ನೆ ಸತ್ತಾಗ ಖುಷಿ, ಇವತ್ತ ಬದುಕಿದ್ರ ಚಿಂತಿ,” ಅಂದಳು ಅವ್ವ.

ಅಷ್ಟರಲ್ಲಿ ಕೆಳಗಿನ ಮನೆಯ ಮರಾಠಿ ಕಾಕೂ ನಿದ್ದೆಗಣ್ಣಲ್ಲಿ ಮೆಟ್ಟಿಲು ಹತ್ತಿ ಬಂದರು. ಅವರ ಕೈಯಲ್ಲೂ ಅಂಥದೇ ರಿಮೋಟ್; ಹೋದ ವಾರ ಅವರ ಟೀವಿಗೂ ಅಪ್ಪನೇ ಪ್ರೀತಿಯಿಂದ ಇಂಥದೇ ಬೋರ್ಡ್ ಮಾಡಿಕೊಟ್ಟಿದ್ದರು. ಮಲಗೋಣವೆಂದು ಟೀವಿ ಆರಿಸಿದರೆ ತಾನಾಗಿಯೇ ಹತ್ತುತ್ತದಂತೆ. ಆರಿಸಿ ಆರಿಸಿ ಬೆರಳು ನೋವಂತೆ.

ಅಪ್ಪ ಎರಡೂ ರಿಮೋಟ್ ನೋಡಿದರು. ಎರಡಕ್ಕೂ ಒಂದೇ ಕೋಡ್ ಕೊಟ್ಟಿದ್ದರು. ನಾನು ವೈಫೈ ಹಚ್ಚಿದಾಗೆಲ್ಲ ಕಾಕೂನ ಟೀವಿ ಹತ್ತುತ್ತಿತ್ತು. ಕಾಕೂ ಟೀವಿ ಆರಿಸಿದಾಗೆಲ್ಲ ನನ್ನ ಸಂದರ್ಶನ ಆರುತ್ತಿತ್ತು.

ಅವ್ವ ಕಾಕೂನ ರಿಮೋಟ್ ಇಸಿದುಕೊಂಡು, ಅವರನ್ನು ನಮ್ಮ ಕೂಲರಿನ ಮುಂದೆಯೇ ಮಲಗಿಸಿದಳು. ನಾನು ಮತ್ತೆ ಆ ಮೂವರ ಮುಂದೆ ಕೂತೆ.

“ಒಂದೇ ದೋಷ ಮತ್ತೆ ಮತ್ತೆ ಬಂದರೆ ಮೊದಲು ಏನು ಮಾಡುತ್ತೀರಿ?” ಕೇಳಿದರು.

“ಕೆಳಗಿನ ಮನೆಯ ಕಾಕೂನ ಕೇಳುತ್ತೇನೆ,” ಅಂದುಬಿಟ್ಟೆ.

ನೌಕರಿ ಸಿಕ್ಕಿದೆ. ಕಾಕೂ ಯಾವ ವಿಭಾಗದವರು ಎಂದು ಅಲ್ಲಿ ಇನ್ನೂ ಕೇಳುತ್ತಾರೆ.